ಮಗುವಿನ ಪಾದ ಯಾರ ಸೊತ್ತು?

ಬ್ಯಾಲೆ ಕಲಿಯಲು ಬಂದ ಐದು ವರ್ಷದ ಮಗು ಕೇಳುವುದು ತುದಿಬೆರಳಲ್ಲಿ ನಿಲ್ಲಿಸುವ ಆ ಗುಲಾಬಿ ಶೂಗಳನ್ನು. ಹೆತ್ತವರ ಅವಸರವೂ ಅದಕ್ಕೇ. ಬಲ್ಲ ಶಿಕ್ಷಕಿ ಕೊಡುವುದಿಲ್ಲ. ಪಾದದ ಎಲುಬು ಇನ್ನೂ ಎಳಸು. ಕೆಲವು ವರ್ಷಗಳ ಅಭ್ಯಾಸವಾಗಿ, ಸಾಮಾನ್ಯವಾಗಿ 11-12 ವಯಸ್ಸಾಗುವವರೆಗೆ ಕಾಯಬೇಕು. ಪಾದಗಳನ್ನು ಹೊರಮುಖವಾಗಿ ತಿರುಗಿಸುವುದೂ ಹಾಗೆಯೇ. ಆ ತಿರುವು ಸೊಂಟದ ಕೀಲಿನಿಂದ ಬರಬೇಕು. ಬಲವಂತ ಮಾಡಿದರೆ ಪೆಟ್ಟು ಬೀಳುವುದು ಮೊಣಕಾಲಿಗೆ.

ಆದರೆ ಮಗು ನೋಯುತ್ತಿದೆ ಎನ್ನುವುದಿಲ್ಲ. ಒಂದು ‘ಶಹಬ್ಬಾಸ್’ಗಾಗಿ ನೋವು ನುಂಗುತ್ತದೆ. ಇಂಥ ಒಪ್ಪಿಗೆಯನ್ನು ಒಪ್ಪಿಗೆಯೆನ್ನಬಹುದೇ? ನನಗಂತೂ ಹಾಗನ್ನಿಸುವುದಿಲ್ಲ. ಮಕ್ಕಳು ದೇವನಿತ್ತ ಅಮಾನತ್ತು ಎನ್ನುವ ನಾವು, ನಮ್ಮ ಆಸೆಗಳ ಭಾರವನ್ನು ಮಾತ್ರ ಅವರ ಪಾದಗಳ ಮೇಲೆ ಹೇರುತ್ತೇವೆ.

ಇಂದಿನ ರಾಯಲ್ ಅಕಾಡೆಮಿ ಆಫ್ ಡಾನ್ಸ್ 1920ರಲ್ಲಿ ಲಂಡನ್‌ನಲ್ಲಿ ಹುಟ್ಟಿದ್ದು ಕಲಿಸುವವರ ಮಟ್ಟ ಸುಧಾರಿಸಲೆಂದು. ಮೊದಲು ತಿದ್ದಬೇಕಾದದ್ದು ಮಕ್ಕಳನ್ನಲ್ಲ ಎಂದು ಅವರಿಗೆ ತಿಳಿದಿತ್ತು. ಐದರ ಮಗುವಿಗೆ ಸಂಗೀತಕ್ಕೆ ಚಪ್ಪಾಳೆ, ಕುಪ್ಪಳಿಕೆ, ಮೆಲ್ಲನೆ ಮಂಡಿ ಬಾಗಿಸಿ ಏಳುವುದು, ಇಷ್ಟೇ ಪಾಠ. ಅಷ್ಟಕ್ಕೆ ಶುಲ್ಕವೇಕೆಂದು ಕೇಳುವ ತಂದೆಯರೂ ಇದ್ದಾರೆ.