ಆಯುಷ್ಯ ಮಾರುವವರ ತಕ್ಕಡಿ

ಹೆಚ್ಚು ಕಾಲ ಬದುಕಬೇಕೆಂಬ ಆಸೆ ತಪ್ಪಲ್ಲ. ಮೊಮ್ಮಗಳ ಮದುವೆ ನೋಡಿಯೇ ಕಣ್ಣು ಮುಚ್ಚಬೇಕೆಂದು ಬಯಸುವ ಅಜ್ಜಿಯನ್ನು ಯಾರು ತಾನೇ ದೂಷಿಸಿಯಾರು? ಆದರೆ ಆ ಆಸೆಯನ್ನೇ ಬಂಡವಾಳ ಮಾಡಿಕೊಂಡು ಮಾತ್ರೆ ಮಾರುವವರು ಬಂದಾಗ ನಾವು ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಸಾಬೀತಾಗದ್ದನ್ನು ಸಾಬೀತಾದಂತೆ ಹೇಳುವುದು ಸುಳ್ಳಲ್ಲವೇ?

ರೆಸ್ವೆರಟ್ರಾಲ್ ಎಂಬ ವಸ್ತುವಿನ ಕಥೆಯನ್ನೇ ನೋಡೋಣ. ಇದು ದ್ರಾಕ್ಷಿಯ ಸಿಪ್ಪೆ, ಕಡಲೆಕಾಯಿ ಮತ್ತು ಕೆಂಪು ವೈನ್‌ನಲ್ಲಿ ತೀರಾ ಅಲ್ಪ ಪ್ರಮಾಣದಲ್ಲಿರುತ್ತದೆ. ಹಾರ್ವರ್ಡ್‌ನ ಡೇವಿಡ್ ಸಿಂಕ್ಲೇರ್ ಮತ್ತವರ ಸಂಗಡಿಗರು 2003ರಲ್ಲಿ ಇದು ಯೀಸ್ಟ್‌ನ ಆಯುಷ್ಯವನ್ನು ಹೆಚ್ಚಿಸುತ್ತದೆ ಎಂದರು. ವಿಪರೀತ ಕೊಬ್ಬಿನ ಆಹಾರ ತಿಂದ ಇಲಿಗಳ ಆರೋಗ್ಯವನ್ನೂ ಇದು ಕಾಪಾಡಿತು ಎಂಬ ವರದಿ 2006ರಲ್ಲಿ ಬಂತು. ಸಿಂಕ್ಲೇರ್ ಸಹಸಂಸ್ಥಾಪಕರಾಗಿದ್ದ ಸರ್ಟ್ರಿಸ್ ಕಂಪೆನಿಯನ್ನು ಗ್ಲಾಕ್ಸೋಸ್ಮಿತ್‌ಕ್ಲೈನ್ 2008ರಲ್ಲಿ 72 ಕೋಟಿ ಡಾಲರಿಗೆ ಕೊಂಡಿತು. ಅಷ್ಟರಲ್ಲೇ ಪೂರಕ ಆಹಾರದ ಅಂಗಡಿಗಳಲ್ಲಿ ಮುಪ್ಪು ತಡೆಯುವ ಮಾತ್ರೆಯೂ ಬಂದಾಗಿತ್ತು.

ಈಗ ತೂಗಿ ನೋಡೋಣ. 2006ರ ಇಲಿಗಳಿಗೆ ಕೊಟ್ಟದ್ದು ದೇಹತೂಕದ ಕಿಲೋಗೆ ದಿನಕ್ಕೆ ಸುಮಾರು 22 ಮಿಲಿಗ್ರಾಂ. ತೂಕದ ಲೆಕ್ಕದಲ್ಲಿ ಅಷ್ಟನ್ನು ವೈನ್‌ನಿಂದ ಪಡೆಯಲು ಮನುಷ್ಯ ದಿನಕ್ಕೆ ನೂರಾರು ಸೀಸೆ ಕುಡಿಯಬೇಕು! ಮಾತ್ರೆಯಾಗಿ ನುಂಗಿದರೂ ಕರುಳು ಮತ್ತು ಪಿತ್ತಜನಕಾಂಗ ಅದನ್ನು ಬೇಗನೆ ಬೇರೆ ರೂಪಕ್ಕೆ ತಿರುಗಿಸುವುದರಿಂದ ಮೂಲರೂಪದಲ್ಲಿ ರಕ್ತ ಸೇರುವುದು ಅತಿ ಕಡಿಮೆ. ಸಾಮಾನ್ಯ ಆಹಾರ ತಿನ್ನುವ ಇಲಿಗಳನ್ನು ಅಮೆರಿಕದ ಸರಕಾರಿ ಕಾರ್ಯಕ್ರಮವೊಂದು ಮೂರು ಪ್ರಯೋಗಾಲಯಗಳಲ್ಲಿ ಏಕಕಾಲಕ್ಕೆ ಪರೀಕ್ಷಿಸಿತು. ಅವುಗಳ ಆಯುಷ್ಯ ಹೆಚ್ಚಲಿಲ್ಲ. ಇಟಲಿಯ ಕಿಯಾಂತಿ ಪ್ರದೇಶದ 65 ದಾಟಿದ 783 ಮಂದಿಯನ್ನು ಒಂಬತ್ತು ವರ್ಷ ಗಮನಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಆಹಾರದಿಂದ ಹೆಚ್ಚು ರೆಸ್ವೆರಟ್ರಾಲ್ ಪಡೆದವರು ಹೆಚ್ಚು ಕಾಲ ಬದುಕಿದ್ದು ಅದರಲ್ಲಿ ಕಾಣಲಿಲ್ಲ. ಗ್ಲಾಕ್ಸೋ 2013ರಲ್ಲಿ ಸರ್ಟ್ರಿಸ್‌ನ ಕೇಂಬ್ರಿಜ್ ಕಚೇರಿಯನ್ನು ಮುಚ್ಚಿತು.

ವಿಜ್ಞಾನಿಯ ಊಹೆ ತಪ್ಪಾಗುವುದು ಅಪರಾಧವಲ್ಲ. ಒಬ್ಬರ ಊಹೆಯನ್ನು ಇನ್ನೊಬ್ಬರು ಒರೆಗೆ ಹಚ್ಚುವುದೇ ವಿಜ್ಞಾನದ ಧರ್ಮ, ಇಲ್ಲಿ ನಡೆದದ್ದೂ ಅದೇ. ಅಪರಾಧ ನಡೆಯುವುದು ಪ್ರಯೋಗಾಲಯ ಮತ್ತು ಅಂಗಡಿಯ ನಡುವಿನ ದಾರಿಯಲ್ಲಿ. 'ಯೀಸ್ಟ್‌ನಲ್ಲಿ ಕಂಡಿದೆ' ಎಂಬ ಮಾತು ಆ ದಾರಿಯಲ್ಲಿ ಸಾಗುತ್ತಾ 'ನಿಮಗೂ ಆಗುತ್ತದೆ' ಎಂದಾಗಿಬಿಡುತ್ತದೆ. ಕೊಳ್ಳುವವನು ಕೇಳಿದರೆ, 'ಆಗುವುದಿಲ್ಲ ಎಂದು ಸಾಬೀತು ಮಾಡಿ' ಎನ್ನುತ್ತಾರೆ. ಇದು ಯಾವ ಸಂತೆಯ ನ್ಯಾಯ? ಸರಕು ಮಾರುವವನೇ ಅದರ ಗುಣ ತೋರಿಸಬೇಕಲ್ಲವೇ? ಮುಪ್ಪಿಗೆ ಹೆದರಿದವನ ಜೇಬಿನಿಂದ ಹಣ ತೆಗೆಯುವುದಂತೂ ಸುಲಭ. ಆದ್ದರಿಂದಲೇ ಅಲ್ಲಿ ಹೆಚ್ಚು ಪ್ರಾಮಾಣಿಕತೆ ಬೇಕು.

ಇನ್ನೊಂದು ಮಾತು ನಮಗೇ ಹೇಳಿಕೊಳ್ಳಬೇಕಾದದ್ದು. ಮದ್ಯವನ್ನು ನಿಷಿದ್ಧವೆಂದು ನಂಬಿದ ನಮ್ಮಂಥವರಿಗೆ ವೈನ್‌ನ ಮಹಿಮೆ ಕರಗಿದ ಸುದ್ದಿ ಹಿತವಾಗಿಯೇ ಕೇಳಿಸುತ್ತದೆ. ಆದರೆ ಹಿತವಾಗಿದೆ ಎಂಬ ಕಾರಣಕ್ಕೆ ಯಾವುದೂ ಸತ್ಯವಾಗುವುದಿಲ್ಲ. ಅದು ಪರೀಕ್ಷೆಯಲ್ಲಿ ನಿಲ್ಲಲಿಲ್ಲ ಎಂಬುದಷ್ಟೇ ಇಲ್ಲಿ ಮುಖ್ಯ. ನಾಳೆ ನಮ್ಮದೇ ಹಕೀಮರು, ವೈದ್ಯರು, ಅಜ್ಜಿಯರು ಹೊಗಳಿದ ಬೀಜವನ್ನೋ ಬೇರನ್ನೋ ಯಾರಾದರೂ ಸೀಸೆಗೆ ತುಂಬಿ 'ನೂರು ವರ್ಷ ಗ್ಯಾರಂಟಿ' ಎಂದರೆ, ಅದನ್ನೂ ಇದೇ ತಕ್ಕಡಿಯಲ್ಲಿ ಇಡಲು ನಾವು ಸಿದ್ಧರಿದ್ದೇವೆಯೇ? ಪರರ ಸರಕಿಗೊಂದು ತೂಕದ ಕಲ್ಲು, ನಮ್ಮದಕ್ಕೆ ಇನ್ನೊಂದು ಎಂದಾದರೆ ಮೋಸದ ವ್ಯಾಪಾರಿಗೂ ನಮಗೂ ಏನು ವ್ಯತ್ಯಾಸ?