ಮಾಳಿಗೆಯ ಮೇಲಿನ ಮಣ್ಣು

ನಮ್ಮ ಅಪ್ಪ ಗುಮಾಸ್ತನಾಗಿದ್ದ. ಕೈ ಕಾಗದದ ಮೇಲಿದ್ದರೂ ಮನಸ್ಸು ಮಾತ್ರ ಗರಗಸ, ಹತೋಡಿ, ಥಾಪಿಗಳ ಮೇಲೆ. ರವಿವಾರ ಬಂತೆಂದರೆ ಚಿಂತಾಕಿಯ ನಮ್ಮ ಮನೆಯಂಗಳದಲ್ಲಿ ಕಟ್ಟಿಗೆಯ ಹೊಟ್ಟು ಹಾರುತ್ತಿತ್ತು. ಮುರಿದ ಬಂಡಿಯ ಕಟ್ಟಿಗೆಯಿಂದ ನಮಗೆ ಜೋಕಾಲಿ, ಆಕಳಿಗೆ ಗೋದಲಿ, ಗೋಡೆ ಕೊರೆದು ದೇವರಿಗೊಂದು ಗೂಡು, ಅವ್ವನ ಡಬ್ಬಿಗಳಿಗೆ ಉದ್ದನೆಯ ಹಲಗೆ. ನಾನು ಏಳನೆಯ ಇಯತ್ತೆಗೆ ಬಂದಾಗ ಮಾಡಿಕೊಟ್ಟ ಇಳಿಜಾರು ಮೇಜಿನ ಮೇಲೆಯೇ ಇಂದಿಗೂ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತೇನೆ. ಒಂದು ಕಾಲು ತುಸು ಗಿಡ್ಡ. ಅದರ ಕೆಳಗೆ ಮಡಚಿಟ್ಟ ರಟ್ಟಿನ ತುಂಡು ಕೂಡ ಅಪ್ಪನದೇ.

ಓಣಿಯ ಹೆಣ್ಣುಮಕ್ಕಳಿಗೆ ಅವ್ವನ ಮೇಲೆ ಹೊಟ್ಟೆಕಿಚ್ಚು. ಅವರ ಗಂಡಂದಿರು ಸಂಜೆಯಾದರೆ ಕಟ್ಟೆಯ ಮೇಲೆ ಇಸ್ಪೀಟು ಆಡುತ್ತ ಕೂಡುವವರು, ಕೆಲವರು ಕುಡಿದು ಬರುವವರು. "ನಿನಗೇನು ಬಿಡವ್ವಾ, ದೇವರಂಥ ಗಂಡ" ಅನ್ನುತ್ತಿದ್ದರು. ಅವ್ವ ನಗುತ್ತಿದ್ದಳು. ಆ ನಗುವಿನ ಹಿಂದೆ ಹೊಗೆ ಇತ್ತೆಂಬುದು ನನಗೆ ತಡವಾಗಿ ತಿಳಿಯಿತು. ಹೊಗೆ ಅಂದರೆ ನಿಜವಾದ ಹೊಗೆಯೇ. ನಮ್ಮ ಅಡುಗೆಮನೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲೊಂದು ಬೆಳಕಿಂಡಿ, ಮಳೆಗಾಲದಲ್ಲಿ ಅದಕ್ಕೂ ಮುಚ್ಚಳ. ಹಲಗೆ ಕೂಡಿಸಿದ ದಿನವೂ ಅವ್ವ ಕಣ್ಣೊರೆಸಿಕೊಳ್ಳುತ್ತಲೇ "ಛಲೋ ಆಗ್ಯದ" ಅಂದಿದ್ದಳು. ಕಿಟಕಿ ಬೇಕೆಂದು ಆಕೆ ಅನ್ನಲಿಲ್ಲ. ಏನು ಬೇಕೆಂದು ಅಪ್ಪ ಕೇಳಲಿಲ್ಲ.

ಕೇಳದೆ ಮಾಡುವ ಪ್ರೀತಿಯನ್ನು ಏನೆಂದು ಕರೆಯಬೇಕು? ಈ ಪ್ರಶ್ನೆ ನನ್ನನ್ನು ಬಹಳ ವರ್ಷ ಕಾಡಿದೆ. ಅದು ಪ್ರೀತಿಯೇ ಅಲ್ಲ ಎಂದು ಹೇಳಲು ನಾಲಿಗೆ ಏಳುವುದಿಲ್ಲ, ಅಪ್ಪನ ಬೆರಳಿನ ಗಾಯಗಳನ್ನು ನೋಡಿದವಳು ನಾನು. ಆದರೆ ಪ್ರೀತಿ ಇತ್ತೆಂಬ ಒಂದೇ ಕಾರಣಕ್ಕೆ ಎಲ್ಲ ಸರಿಯಾಯಿತೇ?

ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳನ್ನು ನೀವು ನೋಡಿರಬಹುದು. ಎರಡು ಮೊಳ ದಪ್ಪದ ಕಲ್ಲುಮಣ್ಣಿನ ಗೋಡೆ, ಮೇಲೆ ತೊಲೆ, ಜಂತಿ, ಹಲಗೆ, ಅದರ ಮೇಲೆ ಮಣ್ಣು. ಬೇಸಿಗೆಯಲ್ಲಿ ಒಳಗೆ ತಂಪೋ ತಂಪು. ಮಳೆಗೆ ಮಾತ್ರ ಸೋರುತ್ತದೆ. ಆದ್ದರಿಂದ ಮಿರಗದ ಮಳೆ ಬರುವ ಮೊದಲು ಪ್ರತಿ ವರ್ಷ ಹೊಸ ಮಣ್ಣು ಹಾಕಬೇಕು. ಅಪ್ಪ ಊರ ಹೊರಗಿನಿಂದ ಬಿಳಿಮಣ್ಣು ತರಿಸಿ, ತಾನೇ ಬುಟ್ಟಿ ಹೊತ್ತು, ಏಣಿ ಹತ್ತಿ ಹರವುತ್ತಿದ್ದ. ಎಲ್ಲರೂ ಹತ್ತು ಬುಟ್ಟಿ ಹಾಕಿದರೆ ನಮ್ಮಪ್ಪನದು ಇಪ್ಪತ್ತು. ಮಕ್ಕಳ ಹಾಸಿಗೆಯ ಮೇಲೆ ಒಂದು ಹನಿ ಬೀಳಬಾರದು. ಒಮ್ಮೆ ಅವ್ವ ಕೆಳಗೆ ನಿಂತು, "ಸಾಕು ಮಾಡ್ರೀ, ಜಂತಿ ಕರಕರ ಅನ್ನಲತ್ಯಾವ" ಅಂದದ್ದು ನೆನಪಿದೆ. ಅಪ್ಪ ಅದನ್ನು ಹೆಂಗಸರ ಅಂಜಿಕೆ ಎಂದುಕೊಂಡ.

1993ರ ಸಪ್ಟೆಂಬರ್ 30. ಹಿಂದಿನ ರಾತ್ರಿ ಗಣಪತಿ ಕಳಿಸಿ ಊರೂರೇ ತಡವಾಗಿ ಮಲಗಿತ್ತು. ಬೀದರಿನಲ್ಲಿ ಬಿ.ಎಡ್. ಓದುತ್ತಿದ್ದ ನಾನೂ ಊರಿಗೆ ಬಂದಿದ್ದೆ. ನಸುಕಿನ ನಾಲ್ಕಕ್ಕೆ ನಾಲ್ಕು ನಿಮಿಷ ಇದ್ದಾಗ ನೆಲ ನಡುಗಿತು. ಹಲಗೆಯ ಮೇಲಿನ ಡಬ್ಬಿಗಳು ಉರುಳಿದವು, ಮಾಳಿಗೆಯಿಂದ ಮಣ್ಣು ಸುರಿಯಿತು. ಅಪ್ಪ ನಮ್ಮನ್ನೆಲ್ಲ ಅಂಗಳಕ್ಕೆ ಎಳೆದುಕೊಂಡು ಬಂದ. ನಮ್ಮ ಮನೆ ನಿಂತಿತು. ಮಹಾರಾಷ್ಟ್ರದ ಲಾತೂರ ಜಿಲ್ಲೆಯ ಕಿಲ್ಲಾರಿ ಮತ್ತು ಸುತ್ತಲಿನ ಊರುಗಳು ನಿಲ್ಲಲಿಲ್ಲ. ಸತ್ತವರು 10,000ದ ಹತ್ತಿರ. ನಮ್ಮ ಔರಾದ ತಾಲ್ಲೂಕಿನವರಿಗೆ ಅದು ಪರದೇಶವಲ್ಲ, ಹೆಣ್ಣು ಕೊಡುವ, ತರುವ ಸೀಮೆ.

ಭೂಮಿ ನಡುಗಿದ್ದರಿಂದಷ್ಟೇ ಅಷ್ಟು ಜನ ಸಾಯಲಿಲ್ಲ ಎಂದು ಆಮೇಲೆ ತಿಳಿದವರು ವಿವರಿಸಿದರು. ಮಣ್ಣಿನಲ್ಲಿ ಕೂಡಿಸಿದ ಗುಂಡುಕಲ್ಲಿನ ಗೋಡೆ ಎರಡು ಹೋಳಾಗಿ ಬಿಚ್ಚಿಕೊಂಡಿತು. ವರ್ಷವರ್ಷವೂ ಬೆಳೆದಿದ್ದ ಮಾಳಿಗೆಯ ಭಾರ ಮಲಗಿದವರ ಮೇಲೆ ಕುಸಿಯಿತು. ಮಳೆ ತಾಗಬಾರದೆಂದು ಯಾವ ಅಪ್ಪಂದಿರೋ ಅಜ್ಜಂದಿರೋ ಹೊತ್ತು ಹಾಕಿದ ಮಣ್ಣು ಅದು.

ಎರಡು ದಿನ ಅಪ್ಪ ಯಾರೊಡನೆಯೂ ಮಾತಾಡಲಿಲ್ಲ. ಮೂರನೆಯ ದಿನ ಸಲಿಕೆ ಹಿಡಿದು ಮಾಳಿಗೆ ಹತ್ತಿದ. ಚಹಾ ಕೊಡಲು ನಾನು ಏಣಿ ಹತ್ತಿ ನೋಡಿದರೆ, ಅಗೆದ ಗುಣಿಯ ಪಕ್ಕ ಸುಮ್ಮನೆ ಕೂತಿದ್ದ. ಗುಣಿಯೊಳಗೆ ಕೈ ಇಳಿಸಿದ, ಮೊಣಕೈ ಮುಳುಗಿತು. "ಇದೆಲ್ಲಾ ನಾನೇ ಹೊತ್ತು ಹಾಕಿದ್ದು, ನೋಡು" ಅಂದ. ಚಹಾ ಆರಿಹೋಯಿತು.

ಆ ಚಳಿಗಾಲದಲ್ಲಿ ಮಣ್ಣೆಲ್ಲ ಇಳಿಸಿ ತಗಡು ಹೊದಿಸಿದೆವು. ಬೇಸಿಗೆಗೆ ಒಳಗೆ ಬೇಯುವಂತಾಯಿತು, ಅದು ಬೇರೆ ಮಾತು. ಕೆಲಸದ ನಡುವೆ ಒಂದು ದಿನ ಅಪ್ಪ ಅವ್ವನನ್ನು ಕೇಳಿದ: "ನಿನಗೇನರ ಬೇಕೇನು ಹೇಳು." ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಈ ಮಾತು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. "ಒಲಿ ಮುಂದ ಒಂದು ಕಿಟಕಿ" ಅಂದಳು ಅವ್ವ, ಮೊದಲೇ ಬಾಯಿಪಾಠ ಮಾಡಿಕೊಂಡವಳ ಹಾಗೆ. ಎಂಟೇ ದಿನದಲ್ಲಿ ಕಿಟಕಿ ಆಯಿತು. ಸಾಗವಾನಿ ಚೌಕಟ್ಟು, ಒಳ್ಳೆಯ ಸರಳು. ಆದರೆ ಅಪ್ಪ ತನ್ನ ಕಣ್ಣಿನ ಮಟ್ಟಕ್ಕೆ ಕೂಡಿಸಿದ್ದ. ಹೊಗೆ ಹೋಯಿತು, ಅವ್ವನಿಗೆ ಓಣಿ ಮಾತ್ರ ಕಾಣಲಿಲ್ಲ. ಅದು ಗೊತ್ತಾದ ಕೂಡಲೇ ಅಪ್ಪ ಮಾಡಿದ್ದೇನು ಗೊತ್ತೇ? ನಿಂತು ನೋಡಲಿಕ್ಕೆಂದು ಒಂದು ಮಣೆ ಮಾಡಿಕೊಟ್ಟ!

ನಮ್ಮ ಜಿಲ್ಲೆಯ ಕಲ್ಯಾಣದ ನೆಲದಲ್ಲಿಯೇ 12ನೆಯ ಶತಮಾನದಲ್ಲಿ ಆಯ್ದಕ್ಕಿ ಲಕ್ಕಮ್ಮ ಬದುಕಿದ್ದಳು. ಗಂಡ ಮಾರಯ್ಯ ದಿನವೂ ಶರಣರ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಹೆಚ್ಚು ತಂದಾಗ, ಇಷ್ಟು ನಮಗೆ ಬೇಡ, ತಿರುಗಿ ಸುರಿದು ಬಾ ಎಂದು ಕಳಿಸಿದಳು. ಈ ಕತೆಯನ್ನು ತರಗತಿಯಲ್ಲಿ ಅತಿಯಾಸೆಯ ಪಾಠವೆಂದು ಎಷ್ಟೋ ಸಲ ಹೇಳಿದ್ದೇನೆ. ಈಗ ನನಗೆ ಬೇರೆಯೇ ಕಾಣುತ್ತದೆ. ಮಾರಯ್ಯ ತಂದದ್ದು ಮನೆಗಾಗಿ. ಪ್ರೀತಿಯಿಂದ ತಂದದ್ದನ್ನು 'ಹೆಚ್ಚಾಯಿತು' ಎಂದು ಹೇಳುವ ಧೈರ್ಯ ಆಕೆಗಿತ್ತು, ಕೇಳಿಸಿಕೊಳ್ಳುವ ಕಿವಿ ಆತನಿಗಿತ್ತು. ನಾವು ಹೆಣ್ಣುಮಕ್ಕಳಿಗೆ ಲಕ್ಕಮ್ಮನ ಹೆಸರು ಹೇಳುತ್ತೇವೆ, ಮನೆಯಲ್ಲಿ ಮಾತ್ರ 'ಕೊಟ್ಟದ್ದರಲ್ಲಿ ಸಂತೋಷಪಡು' ಎಂದು ಕಲಿಸುತ್ತೇವೆ. ಒಳ್ಳೆಯ ಗಂಡನ ಮುಂದೆ ಬಾಯಿ ಬಿಡುವುದು ಕೆಟ್ಟ ಗಂಡನ ಮುಂದೆ ಬಿಡುವುದಕ್ಕಿಂತ ಕಷ್ಟ. ಅಲ್ಲಿ ಅಂಜಿಕೆ ತಡೆಯುತ್ತದೆ, ಇಲ್ಲಿ ಋಣ.

ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ಹೋದ ಬೇಸಿಗೆಯಲ್ಲಿ ತಮ್ಮ ಅಡುಗೆಮನೆಯ ದುರಸ್ತಿ ಹಿಡಿದಾಗ, ಅಪ್ಪನ ಕಿಟಕಿಯನ್ನು ಮುಟ್ಟಬಾರದೆಂದು ನಾನು ಜಗಳ ತೆಗೆದೆ. ಅವ್ವ ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ತಲೆಯೆತ್ತದೆ, "ಕೆಳಗ ಇಳಿಸ್ರಿ" ಅಂದಳು. ನಾನು ಬೆರಗಾದೆ. "ಆವಾಗೇ ಹೇಳಿದ್ರ ಅವರೇ ಇಳಿಸ್ತಿದ್ದರು. ನಾನೇ ಹೇಳಲಿಲ್ಲ" ಅಂದಳು.

ಗೌಂಡಿ ಬಂದು ಚೌಕಟ್ಟು ಬಿಚ್ಚಿದ. ಮೂವತ್ತು ವರ್ಷವಾದರೂ ಸಾಗವಾನಿಗೆ ಒಂದು ಹುಳ ಹಿಡಿದಿರಲಿಲ್ಲ. ಎಷ್ಟು ಇಳಿಸಬೇಕೆಂದು ಕೇಳಿದಾಗ, ಗೋಡೆಗೆ ಬೆನ್ನು ಹಚ್ಚಿ ಅಳತೆಗೆ ನಿಂತವಳು ನಾನು. ವಯಸ್ಸಾಗಿ ಬಾಗಿದ ಅವ್ವ ಈಗ ನನ್ನ ಭುಜಕ್ಕೆ ಬರುತ್ತಾಳೆ. ಅದು ಹೊಳೆದದ್ದು ಸಿಮೆಂಟು ಆರಿದ ಮೇಲೆ. ಅವ್ವ ಏನೂ ಅನ್ನದೆ ಮಣೆಯನ್ನು ಕಿಟಕಿಯ ಕೆಳಗೆ ಎಳೆದುಕೊಂಡು ಹತ್ತಿ ನಿಂತಳು. ಹೊರಗೆ ತರಕಾರಿಯವಳು ಹೊರಟಿದ್ದಳು. ಮೆಂತ್ಯದ ಸೂಡು ಎಷ್ಟಕ್ಕೆಂದು ಅಲ್ಲಿಂದಲೇ ಕೂಗಿ ಕೇಳಿದಳು.