ಗರ್ಭಸ್ಥ ಶಿಶುವೂ ದಾಸೋಹಧರ್ಮವೂ

ಹಿಂದಿನ ಕಾಲದಲ್ಲಿ ಮಗು ಕುರುಡೋ ಹೆಳವೋ ಎಂಬುದು ಹುಟ್ಟಿದ ಮೇಲೆಯೇ ತಿಳಿಯುತ್ತಿದ್ದಿತು. ಶಿವನು ಕೊಟ್ಟುದನ್ನು ಕೈಯೊಡ್ಡಿ ಸ್ವೀಕರಿಸುವುದೊಂದೇ ತಂದೆತಾಯಿಗಳಿಗಿದ್ದ ಮಾರ್ಗ. ಇಂದು ಹಾಗಲ್ಲ. ಗರ್ಭಕ್ಕೆ 18, 20 ವಾರಗಳಾಗುವಷ್ಟರಲ್ಲಿ ಸ್ಕ್ಯಾನಿಂಗ್ ಯಂತ್ರವು ಶಿಶುವಿನ ಬೆನ್ನೆಲುಬು, ಹೃದಯ, ಕೈಕಾಲುಗಳನ್ನು ತೋರಿಸುತ್ತದೆ. ಅದಕ್ಕೂ ಮೊದಲೇ ತಾಯಿಯ ರಕ್ತಪರೀಕ್ಷೆಯಿಂದ ಡೌನ್ ಸಿಂಡ್ರೋಮಿನಂತಹ ಸ್ಥಿತಿಗಳ ಸಂಭವವನ್ನು ವೈದ್ಯರು ಊಹಿಸಬಲ್ಲರು. ತಿಳಿವಳಿಕೆ ಬಂದಲ್ಲಿ ನಿರ್ಣಯದ ಭಾರವೂ ಬಂದಿತು. ನ್ಯೂನತೆಯುಳ್ಳ ಶಿಶುವನ್ನು ಗರ್ಭದಲ್ಲಿಯೇ ತೆಗೆಸುವುದು ಶರಣಧರ್ಮಕ್ಕೆ ಸಮ್ಮತವೇ ಎಂದು ಸದ್ಭಕ್ತರಾದ ಗೃಹಸ್ಥರು ಮಠಕ್ಕೆ ಬಂದು ಕೇಳುವುದುಂಟು. ಕೇಳುವವರ ಕಣ್ಣಲ್ಲಿ ನೀರಿರುವಾಗ ಶ್ಲೋಕವೊಂದನ್ನು ಹೇಳಿ ಕಳುಹಿಸಿದರೆ ಅದು ಉತ್ತರವಾಗಲಾರದು.

ಕಾಯಿದೆಯ ಮಾತನ್ನು ಮೊದಲು ಮುಗಿಸಿಬಿಡೋಣ. 2021ರಲ್ಲಿ ತಿದ್ದುಪಡಿಯಾದ 1971ರ ಕಾಯಿದೆಯು 20 ವಾರಗಳವರೆಗೆ ಒಬ್ಬ ವೈದ್ಯರ, ಕೆಲವು ವರ್ಗದ ಸ್ತ್ರೀಯರಿಗೆ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಅವಕಾಶವಿತ್ತಿದೆ. ಶಿಶುವಿನಲ್ಲಿ ಗುರುತರವಾದ ನ್ಯೂನತೆಯಿದೆಯೆಂದು ವೈದ್ಯಕೀಯ ಮಂಡಳಿಯು ನಿರ್ಣಯಿಸಿದರೆ ಈ ಮಿತಿಯೂ ಇಲ್ಲ. ವಯಸ್ಸಿಗೆ ಬಂದ ಸ್ತ್ರೀಯ ಸಮ್ಮತಿಯೇ ಸಾಕು. ಗಂಡನದಾಗಲಿ ಅತ್ತೆಮಾವಂದಿರದಾಗಲಿ ಬೇಕಿಲ್ಲ. ಹೆಣ್ಣೆಂಬ ಕಾರಣದಿಂದ ಶಿಶುವನ್ನು ತೆಗೆಸುವ ಸಲುವಾಗಿ ಲಿಂಗಪರೀಕ್ಷೆ ಮಾಡಿಸುವುದನ್ನು 1994ರ ಕಾಯಿದೆಯು ನಿಷೇಧಿಸಿದೆ. ಇಷ್ಟು ರಾಜ್ಯದ ಮಾತು. ದಂಡಾರ್ಹವಲ್ಲದುದೆಲ್ಲವೂ ಧರ್ಮವೆಂದು ಯಾರೂ ತಿಳಿಯಬೇಕಿಲ್ಲ.

ಧರ್ಮಶಾಸ್ತ್ರಗಳು ಭ್ರೂಣಹತ್ಯೆಯನ್ನು ಮಹಾಪಾತಕಗಳ ಸಾಲಿನಲ್ಲಿ ಹೇಳಿವೆ. ಆಯುರ್ವೇದವು ಇನ್ನಷ್ಟು ಸೂಕ್ಷ್ಮವಾಗಿ ನೋಡಿದೆ. ನಾಲ್ಕನೆಯ ತಿಂಗಳಿನಲ್ಲಿ ಶಿಶುವಿನ ಹೃದಯವು ವ್ಯಕ್ತವಾಗಿ ಚೇತನವು ಪ್ರಕಟವಾಗುವುದೆಂದೂ, ಆದುದರಿಂದಲೇ ಗರ್ಭಿಣಿಯು ದೌಹೃದಿನಿ, ಎಂದರೆ ಎರಡು ಹೃದಯವುಳ್ಳವಳು, ಎನಿಸುವಳೆಂದೂ ಸುಶ್ರುತಸಂಹಿತೆಯು ಹೇಳುತ್ತದೆ. ನಮ್ಮ ಮನೆಗಳಲ್ಲಿ ಬಸುರಿಯ ಬಯಕೆಯನ್ನು ತೀರಿಸುವ ರೂಢಿಯ ಹಿಂದೆ ಇರುವ ಭಾವವೂ ಇದೇ. ಆದರೆ ಬಯಕೆ ತೀರದಿದ್ದರೆ ಕುಬ್ಜನೋ ಹೆಳವನೋ ಹುಟ್ಟುವನೆಂದು ಅದೇ ಗ್ರಂಥವು ಹೇಳಿರುವುದನ್ನು ಇಂದಿನ ವೈದ್ಯವಿಜ್ಞಾನವು ಒಪ್ಪುವುದಿಲ್ಲ. ಗ್ರಹಣದ ಹೊತ್ತು ಕಾಯಿಪಲ್ಯ ಹೆಚ್ಚಿದ್ದರಿಂದ ಮಗುವಿಗೆ ಸೀಳುತುಟಿಯಾಯಿತೆಂದು ಸೊಸೆಯನ್ನು ಹಂಗಿಸುವ ಹಿರಿಯರು ಇನ್ನೂ ಇದ್ದಾರೆ. ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಟ್ಟು ರಕ್ತಸಂಬಂಧವನ್ನು ಹತ್ತಿರಹತ್ತಿರವೇ ಹೆಣೆದವರು ತಾವು ಎಂಬುದನ್ನು ಅವರು ನೆನೆಯುವುದಿಲ್ಲ. ಅಂತಹ ವಿವಾಹಗಳಿಂದ ಕೆಲವು ವಂಶಪಾರಂಪರಿಕ ರೋಗಗಳ ಸಂಭವ ಹೆಚ್ಚುವುದು. ಗರ್ಭಧಾರಣೆಗೆ ಮೊದಲಿನಿಂದಲೇ ಫೋಲಿಕ್ ಆಮ್ಲದ ಗುಳಿಗೆಯನ್ನು ಸೇವಿಸಿದರೆ ಬೆನ್ನುಹುರಿಯ ನ್ಯೂನತೆಗಳು ಬಹುಮಟ್ಟಿಗೆ ತಪ್ಪುವುವು. ತಾಯಿಯನ್ನು ದೂಷಿಸುವ ಬಾಯಿ ಇಂತಹ ಮಾತುಗಳನ್ನು ಆಡಬಾರದೇ?

ಇನ್ನು ವೀರಶೈವ ಸಂಸ್ಕಾರದ ವಿಚಾರ. ಗರ್ಭಕ್ಕೆ ಎಂಟನೆಯ ತಿಂಗಳಾದಾಗ ಗುರುವು ಶಿಶುವಿನ ಹೆಸರಿನಲ್ಲಿ ತಾಯಿಗೆ ಲಿಂಗವನ್ನು ಕಟ್ಟುವನು. ಕಣ್ಣು ತೆರೆಯದ, ಹೆಸರಿಲ್ಲದ, ಹೆಣ್ಣೋ ಗಂಡೋ ತಿಳಿಯದ ಜೀವಕ್ಕೆ ಲಿಂಗಾಧಿಕಾರವನ್ನು ಕೊಟ್ಟ ಧರ್ಮವಿದು. ಇಲ್ಲಿ ಕೆಲವರು ಜಾಣ್ಮೆಯ ಮಾತೊಂದನ್ನು ಆಡುವರು: ಲಿಂಗ ಕಟ್ಟುವುದು ಎಂಟರಲ್ಲಿ, ಗರ್ಭ ತೆಗೆಸುವುದು ಐದರಲ್ಲಿ, ಆದುದರಿಂದ ದೋಷವಿಲ್ಲವೆಂದು. ಈ ವಾದವು ನಿಲ್ಲಲಾರದು. ಇಷ್ಟಲಿಂಗವು ಇಲ್ಲದ ಚೈತನ್ಯವನ್ನು ಹೊರಗಿನಿಂದ ತಂದು ತುಂಬುವ ವಸ್ತುವಲ್ಲ. ಒಳಗಿರುವ ಚಿತ್ಕಳೆಯನ್ನೇ ಗುರುವು ಕರಸ್ಥಲಕ್ಕೆ ತಂದುಕೊಡುವನೆಂಬುದು ನಮ್ಮ ಸಿದ್ಧಾಂತ. ಎಂಟನೆಯ ತಿಂಗಳಿನಲ್ಲಿ ಗುರುತಿಸಲ್ಪಟ್ಟುದು ಐದನೆಯದರಲ್ಲಿ ಇರಲಿಲ್ಲವೆನ್ನಲು ಆಧಾರವೇನು?

ಗುರುವು ಲಿಂಗ ಕಟ್ಟುವಾಗ ಕೈಬೆರಳುಗಳನ್ನು ಎಣಿಸುವುದಿಲ್ಲವೆಂಬುದನ್ನೂ ಗಮನಿಸಬೇಕು. ಇತ್ತೀಚೆಗೆ ‘ವಿಕಲಚೇತನ’ರೆಂಬ ಶಬ್ದವು ಬಳಕೆಗೆ ಬಂದಿದೆ. ಸದುದ್ದೇಶದಿಂದಲೇ ಬಂದಿರಬಹುದು, ಆದರೆ ವ್ಯಾಕರಣವನ್ನು ಕಲಿಸುವ ನನಗೆ ಅದು ಒಪ್ಪದು. ವಿಕಲವಾಗಬಲ್ಲುದು ಅಂಗವೇ ಹೊರತು ಚೇತನವಲ್ಲ. ತನ್ನನ್ನು ಹೆಳವನನ್ನಾಗಿ, ಅಂಧನನ್ನಾಗಿ, ಕಿವುಡನನ್ನಾಗಿ ಮಾಡೆಂದು ಬಸವಣ್ಣನವರು ಕೂಡಲಸಂಗಮದೇವನಲ್ಲಿ ಬೇಡಿಕೊಂಡ ವಚನವನ್ನು ನಮ್ಮ ಮನೆಮನೆಗಳಲ್ಲಿ ಹಾಡುತ್ತಾರೆ. ಅದು ಮನಸ್ಸಿನ ಅಲೆದಾಟವನ್ನು ಕುರಿತ ರೂಪಕವೆಂಬುದು ನಿಜ. ಆದರೂ ಆ ಸ್ಥಿತಿಗಳನ್ನು ಅಮಂಗಳವೆಂದು ಎಣಿಸಿದ ಬಾಯಿಂದ ಆ ಬೇಡಿಕೆಯು ಹೊರಡುವುದು ಸಾಧ್ಯವಿದ್ದಿತೇ?

ಪೂರ್ವಜನ್ಮದ ಕರ್ಮವೆನ್ನುವವರಿಗೂ ಒಂದು ಪ್ರಶ್ನೆ. ಗುರುದೀಕ್ಷೆಯಿಂದ ಆಣವ, ಮಾಯಾ, ಕಾರ್ಮಿಕಗಳೆಂಬ ಮಲತ್ರಯವು ಕಳೆಯುವುದೆಂದು ನಂಬಿದ ನಾವು, ತೊಟ್ಟಿಲಲ್ಲಿಯೇ ಲಿಂಗವನ್ನು ಪಡೆದ ಕೂಸಿನ ಕುರುಡುತನವನ್ನು ಕಂಡೊಡನೆ ಕರ್ಮದ ಲೆಕ್ಕವನ್ನು ತೆಗೆಯುವುದು ಎಂತಹ ಭಕ್ತಿ?

ಹಾಗಾದರೆ ಗರ್ಭಪಾತವು ಎಂದಿಗೂ ಸಲ್ಲದೇ? ಹಾಗೆ ಹೇಳಲಾರೆ. ತಾಯಿಯ ಪ್ರಾಣಕ್ಕೆ ಅಪಾಯವಿದ್ದಲ್ಲಿ ಅವಳನ್ನು ಉಳಿಸಿಕೊಳ್ಳಬೇಕೆಂಬುದರಲ್ಲಿ ಸಂಶಯವಿಲ್ಲ. ತಲೆಬುರುಡೆಯೂ ಮಿದುಳೂ ರೂಪುಗೊಳ್ಳದೆ ಹುಟ್ಟಿದೊಡನೆ ಅಳಿಯುವ ಶಿಶುವನ್ನು ಒಂಬತ್ತು ತಿಂಗಳು ಹೊರಲೇಬೇಕೆಂದು ಒಬ್ಬ ತಾಯಿಯನ್ನು ನಿರ್ಬಂಧಿಸುವುದು ದಯೆಯಲ್ಲವೆಂದೇ ನನ್ನ ಅಭಿಪ್ರಾಯ. ಅಂತಹ ಶಿಶುವನ್ನು ಹೊತ್ತು ಹೆತ್ತು ಬೀಳ್ಕೊಡುವೆನೆಂದು ತಾಯಿಯೇ ನಿಶ್ಚಯಿಸಿದರೆ ಅವಳನ್ನು ಗೌರವಿಸಬೇಕು. ಆದರೆ ಬದುಕಬಲ್ಲ, ನಗಬಲ್ಲ, ತಾಯಿಯ ದನಿಗೆ ತಿರುಗಬಲ್ಲ ಮಗುವನ್ನು ಅದರ ನ್ಯೂನತೆಯೊಂದಕ್ಕಾಗಿಯೇ ಬೇಡವೆನ್ನುವಾಗ, ನಾವು ತಪ್ಪಿಸಹೊರಟುದು ಮಗುವಿನ ಸಂಕಟವನ್ನೋ ನಮ್ಮ ಶ್ರಮವನ್ನೋ ಊರಿನ ಮುಂದಿನ ನಾಚಿಕೆಯನ್ನೋ ಎಂದು ಕೇಳಿಕೊಳ್ಳಬೇಕು. ಅಂತಹ ಗರ್ಭಪಾತವು ಧರ್ಮವಲ್ಲವೆಂದು ನಾನು ತಿಳಿದಿದ್ದೇನೆ.

ಇಲ್ಲಿ ಗದುಗಿನ ಉದಾಹರಣೆಯು ಸಹಜವಾಗಿ ನೆನಪಾಗುವುದು. ಹಾನಗಲ್ಲ ಸೀಮೆಯಲ್ಲಿ 1892ರಲ್ಲಿ ಹುಟ್ಟುಕುರುಡರಾಗಿ ಜನಿಸಿದ ಗದಿಗೆಯ್ಯನವರನ್ನೂ, ಅವರಂತೆಯೇ ಕುರುಡರಾಗಿದ್ದ ಸೋದರ ಗುರುಬಸಯ್ಯನವರನ್ನೂ ಹಾನಗಲ್ಲ ಕುಮಾರ ಮಹಾಸ್ವಾಮಿಗಳು ಕೈಹಿಡಿದು ಸಂಗೀತವಿದ್ಯೆಗೆ ಹಚ್ಚಿದರು. ಗದಿಗೆಯ್ಯನವರೇ ಪಂಚಾಕ್ಷರ ಗವಾಯಿಗಳಾದರು. ಅವರ ಆಶ್ರಯದಲ್ಲಿ, ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಪುಟ್ಟರಾಜ ಗವಾಯಿಗಳು ಬೆಳೆದರು. 2010ರಲ್ಲಿ ಲಿಂಗೈಕ್ಯರಾಗುವವರೆಗೂ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೂ ಅನಾಥರಿಗೂ ಅನ್ನವನ್ನೂ ವಿದ್ಯೆಯನ್ನೂ ನೀಡಿದರು.

ಈ ಕಥೆಯನ್ನು ಹೇಳುವಾಗ ಒಂದು ಎಚ್ಚರಿಕೆ ಬೇಕು. ಎಲ್ಲ ಕುರುಡು ಮಕ್ಕಳೂ ಗವಾಯಿಗಳಾಗರು. ಹತ್ತು ವರ್ಷವಾದರೂ ಮಾತು ಬಾರದ, ತನ್ನ ಕೈಯಿಂದ ತುತ್ತು ಎತ್ತಲಾರದ ಮಗುವಿನ ತಾಯಿಗೆ ಈ ಉದಾಹರಣೆಯು ಸಮಾಧಾನವನ್ನು ಕೊಡಲಾರದು, ನೋಯಿಸಲೂಬಹುದು. ಮಗುವಿನ ಬೆಲೆಯು ಮುಂದೆ ಅದು ಗಳಿಸುವ ಕೀರ್ತಿಯಲ್ಲಿದೆಯೆಂದರೆ ಕೀರ್ತಿ ಗಳಿಸದ ಮಗು ಬೇಡವಾದಂತೆಯೇ ಆಯಿತು. ಕುಮಾರ ಮಹಾಸ್ವಾಮಿಗಳು ಕೈಹಿಡಿದುದು ಗವಾಯಿಗಳನ್ನಲ್ಲ, ಇಬ್ಬರು ಕುರುಡು ಹುಡುಗರನ್ನು. ಮುಂದೇನಾಗುವುದೆಂದು ಅಂದು ಯಾರು ಬಲ್ಲವರಾಗಿದ್ದರು?

ಅವರು ಉಪದೇಶಿಸಿ ನಿಲ್ಲಲಿಲ್ಲ, ಹೊತ್ತುಕೊಂಡರು. ನಾವಾದರೋ ಹೆರು ಎಂದು ತಾಯಿಗೆ ಹೇಳುವೆವು. ಹೆತ್ತ ಮೇಲೆ ಆ ಮಗುವನ್ನು ಮದುವೆಮುಂಜಿಗಳಿಗೆ ಕರೆಯುವುದಿಲ್ಲ. ಅಕ್ಕತಂಗಿಯರ ಸಂಬಂಧಕ್ಕೆ ತೊಡಕಾಗುವುದೆಂದು ಒಳಕೋಣೆಯಲ್ಲಿ ಬಚ್ಚಿಡುವೆವು. ಬೇಸತ್ತ ಗಂಡ ಮನೆಬಿಟ್ಟು ಹೋದರೆ ಅವಳ ಹಣೆಬರಹವೆನ್ನುವೆವು. ದಾಸೋಹವಿಲ್ಲದ ನಾಲಗೆಗೆ ಈ ವಿಷಯದಲ್ಲಿ ಉಪದೇಶಿಸುವ ಅಧಿಕಾರವಿಲ್ಲ. ಇಂತಹ ಊರಿನಲ್ಲಿ ಬಡತಾಯಿಯೊಬ್ಬಳು ಗರ್ಭವನ್ನು ತೆಗೆಸಿದರೆ ಆ ದೋಷದಲ್ಲಿ ಅವಳ ಪಾಲೆಷ್ಟು, ನಮ್ಮ ಪಾಲೆಷ್ಟು? ಪಂಚಸೂತಕಗಳನ್ನು ಅಲ್ಲಗಳೆದ ಶರಣರ ಮಠದ ಬಾಗಿಲು ಅವಳಿಗೆ ಮುಚ್ಚತಕ್ಕುದಲ್ಲ.

ಈಗ ಸರಕಾರದ ನೆರವೂ ಇಲ್ಲದಿಲ್ಲ. 2016ರ ಕಾಯಿದೆಯು 21 ಬಗೆಯ ಅಸಾಮರ್ಥ್ಯಗಳನ್ನು ಮನ್ನಿಸಿದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಬುದ್ಧಿಯ ಬೆಳವಣಿಗೆ ಕುಂಠಿತವಾದವರಿಗೆ 18 ತುಂಬಿದ ಮೇಲೆ ಪಾಲಕರನ್ನು ನೇಮಿಸುವ ಏರ್ಪಾಡು 1999ರ ರಾಷ್ಟ್ರೀಯ ನ್ಯಾಸದ ಕಾಯಿದೆಯಲ್ಲಿದೆ. ಆದರೂ ಇಂತಹ ತಂದೆತಾಯಿಗಳನ್ನು ಕೇಳಿದರೆ ಎಲ್ಲರ ಬಾಯಲ್ಲಿಯೂ ಒಂದೇ ಮಾತು: ನಮ್ಮ ತರುವಾಯ ಯಾರು?

ಜಾತ್ರೆಯಲ್ಲಿ ಲಕ್ಷ ಜನರಿಗೆ ಪ್ರಸಾದವನ್ನಿಕ್ಕುವ ಮಠಗಳು ನಮ್ಮ ನಾಡಿನಲ್ಲಿವೆ. ದಾಸೋಹಮಂದಿರದ ಪಕ್ಕದಲ್ಲಿ ಒಂದು ಕೋಣೆ, ಎರಡು ಚಾಪೆ, ಸರದಿಯಂತೆ ಬರುವ ನಾಲ್ವರು ಶರಣೆಯರು, ಇಷ್ಟಿದ್ದರೆ ಸಾಕು. ಅಂತಹ ಮಗುವನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಅಲ್ಲಿ ಬಿಟ್ಟು ತಾಯಿಯು ತನ್ನ ಕಾಯಕಕ್ಕೆ ಹೋಗಬಹುದು. ಇಲ್ಲವೇ ಮನೆಗೆ ಹೋಗಿ ನಾಲ್ಕು ತಾಸು ನಿಶ್ಚಿಂತೆಯಿಂದ ಮಲಗಬಹುದು.